ಬೆಲ್ ಇಲ್ಲದ ಸೈಕಲ್ಲು

ಸಾವಿನ ಮನೆಯಲ್ಲಿ ನಗಬಾರದು ಎನ್ನುತ್ತಾರೆ. ಹಾಗೆಂದವರು ಯಾರೂ ಸಾವಿನ ಸುದ್ದಿ ಹೊತ್ತುಕೊಂಡು ಸೈಕಲ್ ತುಳಿದವರಲ್ಲ. ನಾನು ತುಳಿದವನು. ನಗು ಬರಿಸುವಂಥದ್ದು ಏನಾದರೊಂದು ದಾರಿಯಲ್ಲಿ ಆಗಿಯೇ ಆಗುತ್ತಿತ್ತು. ಬೇಡ ಅಂದರೂ ಬಿಡುತ್ತಿರಲಿಲ್ಲ.

ಗಂಜಾಂನಲ್ಲಿ ನನ್ನದು ಬಡಗಿ ಕೆಲಸ. ನಾನು ಹೇಳುತ್ತಿರುವುದು ತೊಂಬತ್ತರ ಆಚೀಚಿನ ಮಾತು. ಆಗ ಊರಿಗೊಂದು ಫೋನಿದ್ದರೆ ಹೆಚ್ಚು, ಅದೂ ಮಳೆ ಬಿದ್ದರೆ ಮೂಕ. ನಮ್ಮ ಕಡೆ ಒಕ್ಕಲು ಮನೆಗಳ ನೆಂಟಸ್ತನವೋ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದವರೆಗೂ ಹಬ್ಬಿಕೊಂಡಿತ್ತು. ಯಾರಾದರೂ ತೀರಿಕೊಂಡರೆ ಮಣ್ಣು ಮಾಡುವುದರೊಳಗೆ ಎಲ್ಲರಿಗೂ ತಿಳಿಯಬೇಕು. ಬಸ್ಸನ್ನು ನಂಬಿದರೆ ತಿಥಿಗೆ ತಲುಪಬಹುದು. ನನಗೆ ಕೆರೆ ಏರಿಗಳ ಮೇಲಿನ ಅಡ್ಡದಾರಿಗಳೆಲ್ಲ ಗೊತ್ತಿದ್ದವು. ಒಮ್ಮೆ ಪಕ್ಕದ ಮನೆಯವರಿಗಾಗಿ ಹೋದೆ, ಆಮೇಲೆ ಆ ಕೆಲಸ ನನಗೇ ಅಂಟಿಕೊಂಡಿತು.

ಅದಕ್ಕೆ ಕಟ್ಟುಪಾಡು ಇತ್ತು. ಹೊಸಿಲು ದಾಟಬಾರದು, ಹೊರಗೆ ನಿಂತೇ ಹೇಳಬೇಕು. ಆ ಮನೆಯಲ್ಲಿ ನೀರು ಕುಡಿಯಬಾರದು. ಹೊರಡುವಾಗ 'ಹೋಗಿ ಬರ್ತೀನಿ' ಅನ್ನಬಾರದು. ಇಂಥ ಸುದ್ದಿ ಮತ್ತೆ ಬರಲಿ ಎಂದು ಯಾರು ಬಯಸುತ್ತಾರೆ? ತಲೆ ತಗ್ಗಿಸಿ, ತಿರುಗಿ ನೋಡದೆ ಹೊರಟುಬಿಡಬೇಕು. ಇವೆಲ್ಲ ಹಿರಿಯರು ಹೇಳಿಕೊಟ್ಟದ್ದು. ಒಂದನ್ನು ಮಾತ್ರ ನಾನೇ ಸೇರಿಸಿಕೊಂಡೆ. ಮೊದಮೊದಲು ಒಂದು ಊರಿನಲ್ಲಿ ಬೆಲ್ ಹೊಡೆದುಕೊಂಡು ಹೋಗಿದ್ದೆ. ಒಂದು ಪುಟ್ಟ ಮಗು "ಮಾವ ಬಂದ, ಮಾವ ಬಂದ" ಅಂತ ಓಡಿ ಬಂತು. ನಾನು ತಂದಿದ್ದು ಆ ಮಾವನ ಸುದ್ದಿಯನ್ನೇ. ಮನೆಗೆ ಬಂದವನು ಬೆಲ್ ಬಿಚ್ಚಿ, ಉಳಿ ಸುತ್ತಿಗೆಯ ಪೆಟ್ಟಿಗೆಯಲ್ಲಿ ಹಾಕಿಟ್ಟೆ. ಅಂದಿನಿಂದ ಬೆಲ್ ಇಲ್ಲದ ಆ ಸೈಕಲ್ ಕಂಡರೇ ಜನ ಬೆಚ್ಚತೊಡಗಿದರು.

ಇಷ್ಟೆಲ್ಲ ಮಾಡಿದ್ದಕ್ಕೆ ನನಗೆ ಸಿಕ್ಕಿದ್ದೇನು? ಮೂವತ್ತು ದಾಟಿದರೂ ಹೆಣ್ಣು ಕೊಡುವವರು ಸಿಗಲಿಲ್ಲ. ಸಾವು ತರುವವನಿಗೆ ಮಗಳನ್ನು ಯಾರು ಕೊಡುತ್ತಾರೆ? ಅವ್ವ ದಿನಾ ಒಂದೇ ರಾಗ ಎಳೆಯುತ್ತಿದ್ದಳು. "ಊರೋರ ಸಾವೆಲ್ಲ ಒತ್ಕಂಡ್ ತಿರುಗು ನೀನು. ಸೊಸೆ ಮೊಕ ನೋಡ್ದಂಗೆ ನಾನೂ ಒಂದಿನ ಓಯ್ತೀನಿ. ನನ್ ಸುದ್ದಿಗೆ ಯಾರ್ಲಾ ಸೈಕಲ್ ತುಳೀತಾರೆ?"

ಕಿಕ್ಕೇರಿಯ ಹತ್ತಿರ

ಒಂದು ಸಲ ಕಿಕ್ಕೇರಿಯ ಆಚೆ ಸುದ್ದಿ ಮುಟ್ಟಿಸಿ ವಾಪಸು ಬರುತ್ತಿದ್ದೆ. ಕೆರೆ ಏರಿ ಇಳಿಯುವಾಗ ಚೈನು ಕಿತ್ತುಹೋಯಿತು. ಮೊದಲು ಕಂಡ ಮನೆಯ ಮುಂದೆ ಸೈಕಲ್ ನಿಲ್ಲಿಸಿದೆ. ರಾಗಿ ಕೇರುತ್ತಿದ್ದ ಹೆಂಗಸು ತಲೆ ಎತ್ತಿ ನೋಡಿದರು. ನಾನು ಬಾಯಿ ತೆರೆಯುವ ಮೊದಲೇ ಮೊರ ಎಸೆದು "ಅಯ್ಯೋ ನಮ್ಮಣ್ಣೋ!" ಎಂದು ಎದೆ ಬಡಿದುಕೊಂಡರು.

ಪಕ್ಕದ ಮನೆಯವರು ಬಂದರು, ಎದುರು ಮನೆಯವರು ಬಂದರು, ಎಲ್ಲರೂ ಅಳುವುದಕ್ಕೆ ಸೇರಿಕೊಂಡರು. ಅಣ್ಣನ ಒಳ್ಳೆಯ ಗುಣಗಳೆಲ್ಲ ಒಂದೊಂದಾಗಿ ಹೊರಬಂದವು. ನಾನು ನಡುವೆ ನಿಂತು "ಅಮ್ಮಾ... ಅಮ್ಮಾ..." ಅನ್ನುತ್ತಲೇ ಇದ್ದೆ. ಕೊನೆಗೆ ಕಿರುಚಿದೆ: "ಯಾರೂ ಸತ್ತಿಲ್ಲ! ನನ್ ಚೈನ್ ಕಿತ್ತೋಗೈತೆ, ಒಂದು ಸುತ್ತಿಗೆ ಬೇಕಾಗಿತ್ತು!"

ಅಳು ನಿಂತಿತು. ಮನೆಯ ಯಜಮಾನರು ಕಣ್ಣೊರೆಸಿಕೊಂಡು ನನ್ನನ್ನೇ ದಿಟ್ಟಿಸಿದರು. "ಅಲ್ಲ ಕಣ್ಲಾ, ಆ ಬಡ್ಡೀಮಗ ಗದ್ದೆ ಬದ ನಮ್ ಕಡೀಕೆ ಒತ್ತಿದ್ದಕ್ಕೆ ನಾವು ಮಾತು ಬುಟ್ಟು ಆರು ವರ್ಸ ಆಯ್ತು. ಒಳ್ಳೇನು ಅಂತ ಈಗ ಬೀದಿಗೆಲ್ಲ ಕೇಳಂಗೆ ಅತ್ತ್‌ಬುಟ್ವಲ್ಲ, ಇದನ್ನ ಎಂಗ್ಲಾ ವಾಪಸ್ ತಕ್ಕಳ್ಳಾದು?"

ತೊಣ್ಣೂರು ಕೆರೆ ಏರಿ

ತೊಣ್ಣೂರು ಕೆರೆ ಏರಿಯ ಮೇಲೆ ಎಮ್ಮೆ ಮೇಯಿಸುತ್ತಿದ್ದ ಒಬ್ಬ ಅಜ್ಜ ಇದ್ದರು. ನನ್ನನ್ನು ಕಂಡು ಹೆದರದ ಮನುಷ್ಯ ಆ ನಾಲ್ಕು ತಾಲ್ಲೂಕಿನಲ್ಲಿ ಅವರೊಬ್ಬರೇ. ಕೋಲು ಅಡ್ಡ ಹಿಡಿದು ನಿಲ್ಲಿಸುತ್ತಿದ್ದರು.

"ಇವತ್ತು ಯಾರ್ಲಾ?"

ಹೇಳುತ್ತಿದ್ದೆ.

"ನನಗಿಂತ ದೊಡ್ಡೋನೋ ಚಿಕ್ಕೋನೋ?"

ದೊಡ್ಡವರು ಅಂದರೆ "ಸರಿ, ಸಾಲು ಕೆಟ್ಟಿಲ್ಲ" ಎಂದು ಬೀಡಿ ಹಚ್ಚುತ್ತಿದ್ದರು. ಚಿಕ್ಕವರು ಅಂದರೆ ಸುಮ್ಮನೆ ನೀರನ್ನು ನೋಡುತ್ತಾ ಕೂತುಬಿಡುತ್ತಿದ್ದರು. ಒಂದು ಸಲ ಯಾರೋ ಎಳೆ ಬಾಣಂತಿಯ ಸುದ್ದಿ ಒಯ್ಯುತ್ತಿದ್ದೆ. ಅವತ್ತು ಅವರು ಸೇದುತ್ತಿದ್ದ ಬೀಡಿಯನ್ನು ನೆಲಕ್ಕೆ ಉಜ್ಜಿ ಆರಿಸಿದರು. ಆಮೇಲೆ, "ನನ್ ಸರದಿ ಬಂದಾಗ ನಾಗಮಂಗಲದಾಗಿರೋ ಮಗಳಿಗೆ ನೀನೇ ಏಳ್ಬೇಕು ಕಣ್ಲಾ" ಅಂದರು.

ಹೇಳುವ ದಿನವೂ ಬಂತು. ಮೇಲುಕೋಟೆಯ ಏರು ಹತ್ತುವಾಗ ಕಣ್ಣು ಮಂಜಾಗಿ ಎರಡು ಸಲ ಇಳಿದೆ. ನನಗೆ ಅವರು ಏನೂ ಆಗಬೇಕಿರಲಿಲ್ಲ, ಆದರೂ ದುಃಖ ತಡೆಯಲಾಗಲಿಲ್ಲ. ನಾಗಮಂಗಲದಲ್ಲಿ ಮಗಳು ಅತ್ತು ಮುಗಿಸಿ, "ಅಪ್ಪ ನಿನ್ತಾವ ಏನಾರ ಏಳಿದ್ನಾ ಅಣ್ಣ?" ಎಂದು ಕೇಳಿದಳು.

ಹೇಳಿದ್ದರು. ಆ ಬಾಣಂತಿಯ ದಿನವೇ, ನಾನು ಪೆಡಲಿನ ಮೇಲೆ ಕಾಲಿಟ್ಟ ಮೇಲೆ ಹಿಂದಿನಿಂದ ಕೂಗಿ ಹೇಳಿದ್ದರು. ಅದನ್ನೇ ಒಪ್ಪಿಸಿದೆ: "ನನ್ ಸುದ್ದಿ ತಕ್ಕೊಂಡೋಗುವಾಗ ಬಿರ್ರನೆ ತುಳೀಬ್ಯಾಡ. ಏರಿ ಮ್ಯಾಲೆ ಗಾಳಿ ಚೆಂದಾಗಿರ್ತದೆ, ಕುಂತು ಒಂದು ಬೀಡಿ ಸೇದ್ಕಂಡೋಗು. ನಾನೇನು ಎದ್ದು ಓಡೋಗಕಿಲ್ಲ."

ಮಗಳು ಅಳುತ್ತಲೇ ನಕ್ಕಳು. ಅವಳ ಮುಂದೆ ನಾನೂ ಹಾಗೇ ಮಾಡಿದೆ.

ಬಿಂಡಿಗನವಿಲೆಯಲ್ಲಿ ಹೆಣ್ಣು ನೋಡಿದ್ದು

ಅಂತೂ ಬಿಂಡಿಗನವಿಲೆಯಲ್ಲಿ ಒಂದು ಸಂಬಂಧ ಕೂಡಿಬಂತು. ನಮ್ಮವರೇ, ಕುಲುಮೆ ಕೆಲಸದವರು. ಅವ್ವ, ಸೋದರಮಾವ ಬಸ್ಸಿನಲ್ಲಿ ಹೊರಟರು. ಬಸ್ಸು ಹತ್ತಿದರೆ ನನಗೆ ವಾಂತಿ, ಅದಕ್ಕೆ ಕತ್ತಲು ಹರಿಯುವ ಮುಂಚೆಯೇ ಸೈಕಲ್ ಹತ್ತಿದೆ. "ಇದೇ ಕಡೇದು ಕಣ್ಲಾ ಮಗ," ಅಂದಿದ್ದಳು ಅವ್ವ. "ಇದೂ ತಪ್ಪೋದ್ರೆ ಇನ್ನ್ ನಾನು ಯಾರ್ ಮನೆ ಬಾಗ್ಲಿಗೂ ಓಗಕಿಲ್ಲ."

ಮನೆ ಮುಂದೆ ಇಳಿದಾಗ ಗುರುತು ಹತ್ತಿತು. ಆ ಬಾಗಿಲಲ್ಲಿ ನಾನು ಹಿಂದೆ ಒಮ್ಮೆ ನಿಂತಿದ್ದೆ. ಆ ಮನೆಯ ಅಜ್ಜಿಗೆ ಅವರ ತಂಗಿಯ ಸುದ್ದಿ ತಂದಿದ್ದೆ. ಈಗಲೂ ಜಗಲಿಯ ಮೇಲಿದ್ದ ಅಜ್ಜಿ ಮೊದಲು ನೋಡಿದ್ದು ನನ್ನ ಸೈಕಲ್ಲನ್ನು, ಆಮೇಲೆ ನನ್ನನ್ನು. ಕಂಬ ಹಿಡಿದುಕೊಂಡರು.

ನಾನಾದರೂ ನೆಟ್ಟಗಿದ್ದೆನೇ? ಒಳಗೆ ಬನ್ನಿ ಅಂದರೆ ಹೊಸಿಲಾಚೆಯೇ ನಿಂತೆ. ನೀರು ಕೊಟ್ಟರೆ ಕೈ ಹಿಂದಕ್ಕೆ ಹೋಯಿತು. ಅವ್ವ ಜಿಗುಟಿ ಒಳಗೆ ಎಳೆದು ಕೂರಿಸಿದಳು. ಹುಡುಗಿ ಉಪ್ಪಿಟ್ಟು ತಂದಿಟ್ಟಳು. ಒಮ್ಮೆ ನನ್ನ ಕಡೆ ನೋಡಿದಳು, ಅಷ್ಟಕ್ಕೇ ನನಗೆ ಒಪ್ಪಿಗೆಯಾಗಿಹೋಯಿತು. ಮಾತುಕತೆ ಮುಗಿಯಿತು, ಹುಡುಗಿಯ ಅಪ್ಪ ಅವ್ವನನ್ನೂ ಮಾವನನ್ನೂ ಬಸ್ಸು ಹತ್ತಿಸಿ ಬಂದರು. ನಾನು ಎದ್ದೆ, ತಲೆ ತಗ್ಗಿಸಿದೆ, ತಿರುಗಿ ನೋಡದೆ ಸೈಕಲ್ ಹತ್ತಿ ಹೊರಟುಬಿಟ್ಟೆ.

ಕೆರೆ ಏರಿಯ ಮೇಲೆ ಬಂದಾಗ ಗಾಳಿ ಬೀಸಿತು, ಆಗ ಹೊಳೆಯಿತು. ಹೋಗಿ ಬರ್ತೀನಿ ಅಂದಿರಲಿಲ್ಲ! ಹೆಣ್ಣು ನೋಡಲು ಹೋದವನು ಸಾವಿನ ಮನೆಯಿಂದ ಏಳುವ ಹಾಗೆ ಎದ್ದು ಬಂದಿದ್ದೆ. ಇನ್ನು ಆ ಮನೆಯವರು ಹೆಣ್ಣು ಕೊಟ್ಟ ಹಾಗೆಯೇ!

ಸೈಕಲ್ ತಿರುಗಿಸಿದೆ. ಅಜ್ಜ ಹೇಳಿದ್ದು ಮರೆತು, ಯಾವ ಸಾವಿಗೂ ತುಳಿಯದಷ್ಟು ಜೋರಾಗಿ ತುಳಿದೆ. ಬೆವರು ಸುರಿಸುತ್ತಾ, ಏದುಸಿರು ಬಿಡುತ್ತಾ, ಸದ್ದಿಲ್ಲದೆ ಹೋಗಿ ಆ ಬಾಗಿಲಲ್ಲೇ ನಿಂತೆ.

ಅಜ್ಜಿ ತಡೆದುಕೊಂಡಿದ್ದ ಅಳುವೆಲ್ಲ ಕಿತ್ತುಕೊಂಡು ಬಂತು. "ಅಯ್ಯೋ! ಬಸ್ಸು ಬಿದ್ದೋಯ್ತಾ? ನಿಮ್ಮವ್ವ ಈಗ್ತಾನೆ ಉಪ್ಪಿಟ್ಟು ತಿಂದು ಓಗಿದ್ರಲ್ಲಪ್ಪೋ!"

ಕುಲುಮೆಯಿಂದ ಹುಡುಗಿಯ ಅಪ್ಪ ಇಕ್ಕಳ ಹಿಡಿದೇ ಓಡಿ ಬಂದರು. ನನಗೆ ಉಸಿರಿಲ್ಲ, ಮಾತಿಲ್ಲ. ಕೈ ಅಲ್ಲಾಡಿಸಿದೆ. ಕೊನೆಗೆ ಹೇಳಿದೆ: "ಯಾರೂ ಸತ್ತಿಲ್ಲ. ಓಗ್ಬತ್ತೀನಿ ಅನ್ನಾದ ಮರ್ತಿದ್ದೆ. ಅದಕ್ಕೇ ಬಂದೆ. ಓಗ್ಬತ್ತೀನಿ."

ಒಳಗಿನಿಂದ ಹುಡುಗಿ ನಗುವುದು ಕೇಳಿಸಿತು. ನಗು ತಡೆದುಕೊಂಡು ಬಾಗಿಲಿಗೆ ಬಂದಳು. "ಓಗ್ಬನ್ನಿ," ಅಂದಳು. "ಬರುವಾಗ ಮಾತ್ರ ಬೆಲ್ ಒಡ್ಕಂಡ್ ಬನ್ನಿ. ನಮ್ಮಜ್ಜಿ ಉಳೀಬೇಕು."

ಮನೆಗೆ ಬಂದು ಪೆಟ್ಟಿಗೆ ತಡಕಿ ಹಳೆಯ ಬೆಲ್ ತೆಗೆದೆ. ತುಕ್ಕು ಉಜ್ಜಿ, ಎಣ್ಣೆ ಬಿಟ್ಟು, ಹ್ಯಾಂಡಲ್ಲಿಗೆ ಬಿಗಿದೆ. ಅವ್ವ ಒಂದು ಸಲ ತಾನೇ ಹೊಡೆದು ನೋಡಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಒಪ್ಪಿಗೆ ಶಾಸ್ತ್ರದ ದಿನ ಬಿಂಡಿಗನವಿಲೆಯ ಕೆರೆ ಏರಿಯಿಂದಲೇ ಶುರು ಮಾಡಿ, ಬೀದಿ ಉದ್ದಕ್ಕೂ ಟ್ರಿಣ್ ಟ್ರಿಣ್ ಅನ್ನಿಸಿಕೊಂಡು ಹೋದೆ. ಯಾರೂ ಅಳಲಿಲ್ಲ, ಯಾರೂ ಕಂಬ ಹಿಡಿದುಕೊಳ್ಳಲಿಲ್ಲ. ಅಜ್ಜಿ ಜಗಲಿಯ ಮೇಲೆ ಕಾಲು ಚಾಚಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಬೆಲ್ ಕೇಳಿಸಿದರೂ ತಲೆ ಸಹ ಎತ್ತಲಿಲ್ಲ.

"ಐಸ್‌ಕ್ಯಾಂಡಿ ಬ್ಯಾಡ ಕಣಪ್ಪ," ಅಂದರು, "ಮನೇಲಿ ಮದ್ವೆ ಮಾತೈತೆ, ಎಣ್ಣಿಗೆ ಸೀತ ಆಯ್ತದೆ. ಮುಂದ್ಕೋಗು!"