ಕಾರಿನ ಮುಂದೆ ಹಾಸನದ ಹೆಸರೆತ್ತಬಾರದು

ನನ್ನ ಸೋದರಮಾವ ಕಾರು ಓಡಿಸುತ್ತಿದ್ದರು ಎಂದರೆ ಸುಳ್ಳು ಹೇಳಿದಂತಾಗುತ್ತದೆ. ಅವರು ಕಾರಿನ ಬಾಣಂತನ ಮಾಡುತ್ತಿದ್ದರು!

ಎರಡನೇ ಮಹಾಯುದ್ಧಕ್ಕೆ ಮುಂಚಿನ ಮಾತು. ಹೊಳೆನರಸೀಪುರದಲ್ಲಿ ಅವರದು ಜವಳಿ ಅಂಗಡಿ. ಯಾವನೋ ಕಾಫಿತೋಟದ ದೊರೆ ಮಾರಿಹೋದ ಹಳೇ ಕಾರೊಂದನ್ನು ತಂದು, ಹಿಂಭಾಗ ಕೊಯ್ದು, ಅಲ್ಲಿಗೆ ಎತ್ತಿನಗಾಡಿಯ ಕಮಾನು ಕಟ್ಟಿದರು. ಅವರ ಅವ್ವ, ಅಂದರೆ ನನ್ನ ಅಜ್ಜಿ, ಮುಂದಿನ ಸೀಟಿನಲ್ಲಿ ಕೂತು ಎಲೆಅಡಿಕೆ ಉಗುಳಲೆಂದು ಕಾಲಡಿಯ ಹಲಗೆಯಲ್ಲಿ ಒಂದು ತೂತು ಬೇರೆ! ಇಂಥ ಸೌಕರ್ಯ ಮಹಾರಾಜರ ಕಾರಿಗಾದರೂ ಇತ್ತೇ?

ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಇನ್ನು ತಡಮಾಡಿದರೆ ಕೈಮೀರುತ್ತದೆ ಎಂದು ಹಾಸನದ ಡಾಕ್ಟರು ಹೇಳಿಕಳಿಸಿದ್ದರು. ಅಜ್ಜಿಯದು ಒಂದೇ ಹಠ: "ಓದ್ರೆ ನನ್ನ ಮಗನ ಕಾರ್ನಾಗೇ ಓಗೋದು." ಕಾರಿನದೂ ಒಂದೇ ಹಠ: ಊರಾಚೆಯ ಏರು ಹತ್ತುವುದಿಲ್ಲ. ಇಂಜಿನ್ನು ಅಬ್ಬರಿಸುತ್ತಿತ್ತು, ಚಕ್ರ ಕದಲುತ್ತಿರಲಿಲ್ಲ.

ಮಾವ ರುಮಾಲು ತೆಗೆದು ಬಾನೆಟ್ಟಿಗೆ ಕಿವಿಯಿಟ್ಟರು.

"ಎದ್ರಿಕೆ," ಎಂದು ತೀರ್ಪು ಕೊಟ್ಟರು. "ಆಸ್ನದ ಏರು ಅಂದ್ರೆ ಇದಕ್ಕೆ ಎದ್ರಿಕೆ."

ಅಂದಿನಿಂದ ಕಾರಿನ ಮುಂದೆ ಯಾರೂ ಹಾಸನದ ಹೆಸರೆತ್ತುವಂತಿಲ್ಲ. ಅರಕಲಗೂಡಿನ ದಾರಿ ಹಿಡಿದಂತೆ ನಟಿಸಿ, ಕಾರು ಮೈಮರೆತಾಗ ಗಕ್ಕನೆ ತಿರುಗಿಸುವುದು ಮಾವನ ಉಪಾಯ. ತಿರುಗಿಸಿದ್ದೂ ಆಯಿತು. ಏರಿನ ಬುಡದಲ್ಲಿ ಅಜ್ಜಿ ಬಾಯಿಬಿಟ್ಟಳು: "ಲೇ, ಆಸ್ನ ಇನ್ನೂ ಎಷ್ಟು ದೂರ ಅದೆಯ್ಲಾ?"

ಕಾರು ನಿಂತಿತು.

"ನೋಡವ್ವಾ, ಕೇಳುಸ್ಕೊಂಡ್ಬುಡ್ತು!"

ಚನ್ನರಾಯಪಟ್ಟಣದಿಂದ ಮೆಕ್ಯಾನಿಕ್ ಬಂದ. "ಕ್ಲಚ್ಚಿನ ಚರ್ಮಕ್ಕೆ ಎಣ್ಣೆ ಬಿದ್ದು ಜಾರ್ತಾ ಅದೆ ಸಾ, ಇಂಜಿನ್ ಜೋರು ಚಕ್ರಕ್ಕೆ ಮುಟ್ತಿಲ್ಲ," ಎಂದ.

"ನಾನು ಕಾರು ಇಟ್ಟಿವ್ನೋ, ಗಾಣ ಇಟ್ಟಿವ್ನೋ? ಒಂದು ತೊಟ್ಟು ಎಣ್ಣೆ ಅಲ್ಲಿಗೆ ಬುಟ್ಟಿಲ್ಲ ಕಣಯ್ಯ!" ಮಾವ ಅವನಿಗೆ ಕಾಫಿ ಕುಡಿಸಿ ಓಡಿಸಿದರು.

ಶನಿವಾರ ಬೆಳಿಗ್ಗೆ ಮಾವ ಕಾರಿನಡಿ ಅಂಗಾತ ಮಲಗಿ ಕ್ಲಚ್ಚನ್ನೇ ದಿಟ್ಟಿಸುತ್ತಿದ್ದರು. ನಾನು ಜಗುಲಿಯಲ್ಲಿದ್ದೆ. ಅಜ್ಜಿ ತಡವರಿಸುತ್ತ ಬಂದು ಕಾರು ಹತ್ತಿದಳು. ಕೈಯಾಡಿಸಿ ತೂತು ಹುಡುಕಿ, ಗಿಂಡಿಯಿಂದ ಹರಳೆಣ್ಣೆ ಬಗ್ಗಿಸತೊಡಗಿದಳು.

"ಕುಡ್ಕಳಪ್ಪ. ಪಾಪ, ಎಂಗ್ ನರಳ್ತೀಯ! ವಾರವಾರ ಕೊಟ್ರೂ ಸಾಲ್ದಾ? ನನ್ನ ಮಗನ್ನ ಮಾತ್ರ ನಡುದಾರೀಲಿ ಕೈ ಬುಡ್ಬ್ಯಾಡ."

ಎಣ್ಣೆ ಕ್ಲಚ್ಚಿಗಿಳಿದು, ಅಲ್ಲಿಂದ ಮಾವನ ಮುಖಕ್ಕೆ! ಸಣ್ಣದಕ್ಕೂ ಊರಿಗೆಲ್ಲ ಕೇಳುವಂತೆ ಕೂಗಾಡುವ ಮನುಷ್ಯ ಗಿಂಡಿ ಬರಿದಾಗುವವರೆಗೂ ಹಾಗೇ ಮಲಗಿದ್ದರು.

ಎಣ್ಣೆಗೆ ಮದ್ದೇನು? ಒಂದು ಸೇರು ಸೀಗೆಪುಡಿ ತಂದು ಕ್ಲಚ್ಚಿಗೆ ತಿಕ್ಕಿದರು. ತೂತಿನ ಕೆಳಗೊಂದು ಡಬ್ಬಿ ಕಟ್ಟಿದರು. ಮುಂದಿನ ವಾರದ ಎಣ್ಣೆ ಡಬ್ಬಿಗೆ ಬಿತ್ತು. ಕಾರು ಸೀನುತ್ತ ಸೀನುತ್ತ ಏರು ಹತ್ತಿತು. ಹಾಸನದಲ್ಲಿ ಪೊರೆ ತೆಗೆಸಿ ಅಜ್ಜಿಗೆ ಕಣ್ಣು ಬಂತು.

ಕಣ್ಣು ಬಂದದ್ದೇ ತಾಪತ್ರಯ! ಊರಿಗೆ ಮರಳಿದ ಮೇಲೆ ಮೊದಲ ಶನಿವಾರ ಗಿಂಡಿ ಹಿಡಿದು ಹೋದವಳಿಗೆ ತೂತಿನೊಳಗೆ ಡಬ್ಬಿ ಕಂಡಿತು, ಅದರಲ್ಲಿ ತಾನೇ ಬಿಟ್ಟ ಎಣ್ಣೆಯೂ ಕಂಡಿತು. ಬಹಳ ಹೊತ್ತು ನೋಡಿದಳು. ಆಮೇಲೆ ಜಗುಲಿಯ ಮೇಲಿದ್ದ ಮಗನನ್ನು ನೋಡಿದಳು.

"ಬಾರ್ಲಾ ಇಲ್ಲಿ. ಕುಂತ್ಕ."

ಐವತ್ತು ದಾಟಿದ ಮಾವ ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತರು. ಅಜ್ಜಿ ಗಿಂಡಿಯ ಎಣ್ಣೆಯನ್ನೆಲ್ಲ ಅವರ ಬೋಳುತಲೆಗೆ ಸುರಿದು ತಟ್ಟತೊಡಗಿದಳು. ಇಬ್ಬರೂ ಕಾರಿನ ಮಾತೆತ್ತಲಿಲ್ಲ. ಮಾವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು.

"ಎಣ್ಣೆ ಬಿತ್ತು ಕಣಮ್ಮಿ, ಕಣ್ಣು ಉರೀತಾ ಅದೆ," ಎಂದರು ನನಗೆ.

ಹರಳೆಣ್ಣೆ ಕಣ್ಣಿಗೆ ತಂಪು. ಅದು ನನಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.