ಹ್ಯಾಸ್, ಹ್ಯಾವ್ ಮತ್ತು ನಮ್ಮ ನಡುಕ

ಇಂಗ್ಲಿಷಿನ ದೆಸೆಯಿಂದ ನಾನು ಬೆವರಿದ ಪ್ರಸಂಗಗಳಿಗೆ ಲೆಕ್ಕವಿಲ್ಲ. ಅದರಲ್ಲೂ ಆ ಪ್ರೆಸೆಂಟ್ ಪರ್ಫೆಕ್ಟ್ ಟೆನ್ಸ್!

ಎಪ್ಪತ್ತರ ದಶಕದ ಕೊನೆ. ಗದಗದ ಕಡೆಯಿಂದ ಬಂದು ಜಾಲಹಳ್ಳಿಯ ಕಾರ್ಖಾನೆಯೊಂದರಲ್ಲಿ ಗುಮಾಸ್ತನಾಗಿದ್ದೆ. ಹೊಸದಾಗಿ ಬಂದ ಸಾಹೇಬರು, "ಆಫೀಸಲ್ಲಿ ಇಂಗ್ಲಿಷೇ ಮಾತಾಡ್ಬೇಕು. ತಪ್ಪು ಮಾತಾಡಿದವರನ್ನ ಸ್ಟೋರಿಗೆ ಹಾಕ್ತೀನಿ" ಅಂದುಬಿಟ್ಟರು. ಸ್ಟೋರ್ ಅಂದರೆ ಕಿಟಕಿಯೂ ಇಲ್ಲದ ಗೋಡೌನು. ಅಲ್ಲಿ ಸುಖವಾಗಿದ್ದದ್ದು ಇಲಿಗಳು ಮಾತ್ರ.

ಪರಿಣಾಮ

ಕೋಗಿಲು ಎಂಬ ಹಳ್ಳಿಯಿಂದ ಬರುತ್ತಿದ್ದ ಪಕ್ಕದ ಮೇಜಿನ ಗೆಳೆಯನೂ ನಾನೂ ಹೆದರಿ ಯಶವಂತಪುರದಲ್ಲಿ ಸಂಜೆ ಪಾಠಕ್ಕೆ ಸೇರಿದೆವು. ಮೇಷ್ಟ್ರು ಮಾತಿಗೊಮ್ಮೆ ರೂಲುದೊಣ್ಣೆಯಲ್ಲಿ ಮೇಜು ಕುಟ್ಟೋರು.

"ಕೆಲಸ ಮುಗಿದಿದೆ, ಅದರ ಪರಿಣಾಮ ಈಗಲೂ ಇದೆ. ಆಗ ಹ್ಯಾವ್ ಹಾಕಿ. ಯೆಸ್ಟರ್‌ಡೇ ಅಂತ ಬಂದ್ರೆ ಹಾಕಕೂಡ್ದು!"

ಗೆಳೆಯ ಎದ್ದ. "ಐ ಹ್ಯಾವ್ ಈಟನ್ ಮುದ್ದೆ ಯೆಸ್ಟರ್‌ಡೇ."

ಮೇಜು ಧಡ್ ಅಂತು. "ನೆನ್ನೆ ತಿಂದಿದ್ದಕ್ಕೆ ಹ್ಯಾವ್ ಯಾಕ್ರೀ?"

"ಪರಿಣಾಮ ಇನ್ನೂ ಐತೆ ಸಾ. ಬೆಳಗ್ಗಿಂದ ಒಟ್ಟೆ ನೋವು."

ಊಟ ಆಗಿದೆ

ಒಂದು ಭಾನುವಾರ ಫೈಲು ಕೊಡಲು ಇಬ್ಬರೂ ಸಾಹೇಬರ ಬಂಗಲೆಗೆ ಹೋದೆವು. ಗೇಟು ತೆಗೆದರೆ ಎದುರಿಗೆ ಕರುವಿನಷ್ಟು ದೊಡ್ಡ ನಾಯಿ. ಕಟ್ಟಿರಲಿಲ್ಲ. ನಿಂತಲ್ಲೇ ಕಲ್ಲಾದೆವು. ಒಳಗಿಂದ ಸಾಹೇಬರು ಕೂಗಿದರು: "ಡೋಂಟ್ ವರಿ! ಹಿ ಹ್ಯಾಸ್ ಈಟನ್!"

ಗೆಳೆಯ ನನ್ನ ತೋಳು ಹಿಡಿದುಕೊಂಡ. "ಏನಂದ್ರು ಗುರು?"

"ತಿಂದಿದೆಯಂತೆ."

"ಯಾರ್‍ನ?"

ಟ್ರಂಕ್ ಕಾಲ್

ಸಾಹೇಬರು ಹೆಂಡತಿ ಸಮೇತ ತುಮಕೂರಿಗೆ ಮದುವೆಗೆ ಹೋದ ದಿನ ದೆಹಲಿಯ ದೊಡ್ಡ ಆಫೀಸಿನಿಂದ ಫೋನ್ ಬಂತು. ಎತ್ತಿದವನು ನಾನು. ಭಯಕ್ಕೆ ಅಳುವವನ ಹಾಗೆ ದನಿ ಬಂತು.

"ಹಿ ಹ್ಯಾಸ್ ಗಾನ್, ಸರ್."

ಆ ಕಡೆಯವರು ಬೆಚ್ಚಿದರು. "ಗಾನ್? ವೆನ್?"

ಹೊತ್ತು ಹೇಳುವಾಗ ಹ್ಯಾಸ್ ಬಿಡಬೇಕು. ನೆನಪಿತ್ತು. "ಹಿ ವೆಂಟ್ ಅಟ್ ಟೆನ್, ಸರ್."

"ಮೈ ಗಾಡ್! ಹೌ?"

"ಬೈ ಕಾರ್, ಸರ್."

"ಹಿಸ್ ವೈಫ್?"

"ಶಿ ಹ್ಯಾಸ್ ಆಲ್ಸೋ ಗಾನ್."

"ಚಿಲ್ಡ್ರನ್?"

"ದೇ ವಿಲ್ ಗೋ ಇನ್ ದ ಈವ್ನಿಂಗ್, ಸರ್."

ಫೋನ್ ಕಟ್ ಆಯಿತು. ಒಂದೂ ತಪ್ಪಿಲ್ಲದೆ ಮಾತಾಡಿದೆ ಅಂತ ನೆಮ್ಮದಿಯಾಗಿ ಕಾಫಿ ಕುಡಿದೆ.

ಮರುದಿನ ಬೆಳಗ್ಗೆ ಜನರಲ್ ಮ್ಯಾನೇಜರು ಎಲ್ಲರನ್ನೂ ಅಂಗಳಕ್ಕೆ ಕರೆದರು. "ಕಾರು ಅಪಘಾತದಲ್ಲಿ ನಮ್ಮ ಸಾಹೇಬರು ಪತ್ನಿ ಸಮೇತ ಹೋಗಿಬಿಟ್ರು ಅಂತ ದೆಹಲಿಯಿಂದ ಸುದ್ದಿ ಬಂದಿದೆ. ಎರಡು ನಿಮಿಷ ಮೌನ." ನಾನು ಬಾಯಿ ತೆಗೆಯುವಷ್ಟರಲ್ಲಿ ಎಲ್ಲರೂ ಕಣ್ಣು ಮುಚ್ಚಿದ್ದರು.

ಅಷ್ಟರಲ್ಲಿ ಪಕ್ಕದಲ್ಲಿ ಯಾರೋ ಬಂದು ನಿಂತ ಸದ್ದು. ನೋಡಿದರೆ ಸಾಹೇಬರು! ಎಲ್ಲರ ಹಾಗೆ ತಾವೂ ತಲೆ ತಗ್ಗಿಸಿ ನಿಂತು, ನನ್ನ ಕಿವಿಯಲ್ಲಿ ಮೆಲ್ಲಗೆ ಕೇಳಿದರು: "ಹೂ ಹ್ಯಾಸ್ ಗಾನ್?"

"ಯು ಹ್ಯಾವ್ ಗಾನ್, ಸರ್" ಅಂದೆ. ಅವರ ಮುಖ ನೋಡಿ ಸ್ಟೋರಿನ ಇಲಿಗಳೆಲ್ಲ ಕಣ್ಣ ಮುಂದೆ ಬಂದವು. ಗಾಬರಿಯಲ್ಲಿ ಸೇರಿಸಿದೆ: "ಬಟ್ ನೌ ಯು ಹ್ಯಾವ್ ಕಮ್."