ಬೀಗರ ಜೊತೆ ಬಾಕ್ಸಿಂಗು

ಮುನಾವರನ ಅಂದಿನ ಫಜೀತಿಗೆಲ್ಲ ಕಾರಣ ಒಂದು ಹೊಸ ರಿಮೋಟು.

ಸುರಪುರದ ಬಸ್ ನಿಲ್ದಾಣದ ಎದುರಿಗೆ ಅವನದೊಂದು ಮೊಬೈಲ್ ರಿಪೇರಿ ಅಂಗಡಿ. ಒಳಗಿನ ಗೋಡೆಗೆ ಟಿವಿ, ಟಿವಿ ಕೆಳಗೆ ಯಾದಗಿರಿಯಿಂದ ತಂದ ಹಳೇ ಗೇಮ್ ಮಷೀನು, ಅದರೊಳಗೆ ಬಾಕ್ಸಿಂಗ್ ಆಟ. ಗಿರಾಕಿ ಇಲ್ಲದಾಗ ಮುನಾವರ ಅದನ್ನು ಆಡುತ್ತಾನೆ ಎಂದರೆ ಅವನಿಗೆ ಸಿಟ್ಟು ಬರುತ್ತಿತ್ತು. ಅವನು ಆಡುವುದಿಲ್ಲ, ಅಭ್ಯಾಸ ಮಾಡುತ್ತಾನೆ.

"ಬಾಕ್ಸಿಂಗ್ ಅಂದ್ರ ಬಡದಾಟ ಅಲ್ರಿ, ಬುದ್ಧಿ ಆಟ" ಎಂದು ಅವನು ಬಂದವರಿಗೆಲ್ಲ ಪಾಠ ಹೇಳುತ್ತಿದ್ದ. "ಮೊದಲ ಮುಖಕ್ಕ ಕೈ ಅಡ್ಡ ಹಿಡೀಬೇಕು. ಸಣ್ಣ ಸಣ್ಣ ಏಟು ಹಾಕಿ ಎದುರಿನವನ ದಮ್ಮು ತೆಗೀಬೇಕು. ದೊಡ್ಡ ಏಟು ಕಡೀಗೆ."

ಬಜಾರಿನವರಿಗೆ ಈ ವೇದಾಂತ ಹಿಡಿಸುತ್ತಿರಲಿಲ್ಲ. ಪಕ್ಕದಲ್ಲಿ ಮಿರ್ಚಿ ಬಜಿ ಕರಿಯುವ ಅಮಾತೆಪ್ಪ ಎಣ್ಣೆ ಕೈಯಲ್ಲೇ ಬಂದು ಕೂತು, "ದಮ್ಮು ಗಿಮ್ಮು ನನಗ ಗೊತ್ತಿಲ್ಲಪ್ಪ. ದೇವ್ರು ಹತ್ತು ಬೆರಳ ಕೊಟ್ಟಾನ, ಇರೋ ಬಟನ್ ಎಲ್ಲಾ ಒತ್ತು. ಯಾವುದರ ಒಂದು ತಾಗ್ತದ" ಎನ್ನುತ್ತಿದ್ದ. ಈಚೆ ಕಡೆ ಬಟ್ಟೆ ಹೊಲಿಯುವ ಸವಿತಾ ಹೇಳುವುದು ಇನ್ನೂ ಚಿಕ್ಕದು: "ಬಾಕ್ಸಿಂಗ್ ಆಟದಾಗ ಹೊಡೀದ ನಿಂತ್ರ ಏನ್ ಛಂದ?"

ಹೀಗೆ ಹೇಳಿಯೇ ಅವಳು ಒಂದು ದಿನ ಆಟದಲ್ಲಿ ಮುನಾವರನನ್ನು ಹೊಡೆದು ಮಲಗಿಸಿಬಿಟ್ಟಿದ್ದಳು. ಮುನಾವರ ತಪ್ಪನ್ನು ರಿಮೋಟಿನ ಮೇಲೆ ಹಾಕಿದ. ಬಟನ್ ಹಿಡೀತದ, ಸ್ಪ್ರಿಂಗ್ ಹೋಗ್ಯದ ಎಂದು ನೂರೆಂಟು ನೆಪ ಹೇಳಿ ಹೊಸದೊಂದು ತರಿಸಿದ. ಅಂದಿನಿಂದ ಆಟ ಗೊತ್ತಿಲ್ಲದವರ ಜೊತೆ ಆಡುವುದಿಲ್ಲ ಎಂದು ಶಪಥ ಮಾಡಿ, ಬರೀ ಮಷೀನಿನ ಜೊತೆ ಆಡಿ ಗೆದ್ದ. ಟಿವಿಯಲ್ಲಿ ಅವನ ಕೆಂಪು ಚಡ್ಡಿಯ ಬಾಕ್ಸರಿನ ಸೊಂಟಕ್ಕೆ ಚಾಂಪಿಯನ್ನರ ಚಿನ್ನದ ಪಟ್ಟಿ ಬಂತು. ಅದನ್ನು ನೋಡಿದ ಅಮಾತೆಪ್ಪ ಬಜಿ ಕಟ್ಟಿಕೊಡುವಾಗೆಲ್ಲ, "ನಮ್ಮ ಬಾಜೂ ಅಂಗಡಿಯಾಗ ಚಾಂಪಿಯನ್ ಇದ್ದಾನ್ರಿ" ಎಂದು ಡಂಗುರ ಹೊಡೆಯತೊಡಗಿದ.

ಆವತ್ತು ಬೆಳಿಗ್ಗೆ ಮುನಾವರನ ತಾಯಿ ಖಾಸಿಂಬೀ ಫೋನ್ ಮಾಡಿದಳು.

"ಅಂಜುಮ್‌ಳ ಅಬ್ಬಾ ಉಸ್ಮಾನಸಾಬರು ನಿನ್ನ ನೋಡಾಕ ಶಹಾಪುರದಾಗ ಬಸ್ ಹತ್ತ್ಯಾರ. ನೆಟ್ಟಗ ನಿನ್ನ ಅಂಗಡಿಗೇ ಬರ್ತಾರ. ಛಲೋ ಕುರ್ಚಿ ಅವರಿಗೆ, ಛಲೋ ಕಪ್ಪು ಅವರಿಗೆ. ಅಂಗಡಿಯಾಗ ಯಾವುದು ಛಲೋ ಅದನೋ ಅದು ಅವರ ಕೈಯಾಗ ಇರಬೇಕು. ಮಾತಿನಾಗ ಸೈತ ಅವರನ್ನ ಗೆಲ್ಲಬ್ಯಾಡ, ಕೇಳಿಸ್ತಿಲ್ಲೊ? ನಾ ಬಿರಿಯಾನಿ ತಗೊಂಡು ಬರ್ತೀನಿ."

ಮುನಾವರ ಇದ್ದ ಒಂದೇ ಒಳ್ಳೆಯ ಕುರ್ಚಿಯನ್ನು ಎರಡೆರಡು ಸಲ ಒರೆಸಿಟ್ಟ. ಹುಣಸಗಿಯ ಒಂದು ಮದುವೆಯಲ್ಲಿ ಅಂಜುಮ್‌ಳನ್ನು ನೋಡಿದ ದಿನದಿಂದ ಅವನು ಒಬ್ಬರ ಫೋನಿಗೆ ಇನ್ನೊಬ್ಬರ ಬ್ಯಾಟರಿ ಹಾಕಿ ಕೊಡುತ್ತಿದ್ದ. ಈ ಸಂಬಂಧ ತಪ್ಪಿದರೆ ಅಂಗಡಿ ಮುಚ್ಚಿ, ಬೋನಾಳ ಕೆರೆಯ ದಂಡೆಗೆ ಹೋಗಿ ಹಕ್ಕಿ ನೋಡುತ್ತ ಕೂಡುವುದೇ ಸೈ ಎಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದ.

ಉಸ್ಮಾನಸಾಬರು ಶಹಾಪುರದಲ್ಲಿ ಗಾದಿ ಮಾಡುವವರು. ಹತ್ತಿ ಹಿಂಜಿ ಹಿಂಜಿ ಕೈ ಎರಡೂ ಕಬ್ಬಿಣವಾಗಿದ್ದವು. ಬಸ್ಸಿಳಿದು ಅಂಗಡಿ ಯಾವುದೆಂದು ಕೇಳಿದ್ದು, ನಮ್ಮ ಮುನಾವರನ ದುರದೃಷ್ಟಕ್ಕೆ, ಅಮಾತೆಪ್ಪನನ್ನು.

"ಬರ್ರಿ ಸಾಹೇಬ್ರ! ನಿಮ್ಮ ಅಳಿಯ ಆಗಾವ ಸಾದಾ ಮನಷ್ಯಾ ಅಲ್ರಿ, ಬಾಕ್ಸಿಂಗ್ ಚಾಂಪಿಯನ್!" ಎಂದು ಅವರ ಕೈ ಹಿಡಿದು ಒಳಗೆ ಕರೆತಂದು, ತಾನೇ ಟಿವಿ ಹಚ್ಚಿ ಚಿನ್ನದ ಪಟ್ಟಿ ತೋರಿಸಿದ.

ಉಸ್ಮಾನಸಾಬರು ಗಡ್ಡ ನೀವಿಕೊಂಡು ಟಿವಿ ನೋಡಿದರು, ಮುನಾವರನನ್ನು ನೋಡಿದರು. "ಇದರಾಗ ಹೊಡದಾಡೋದಾ? ಪೆಟ್ಟು ಹತ್ತಂಗಿಲ್ಲ? ಹಂಗಾರ ನಾವೂ ಒಂದು ಕೈ ನೋಡಮು."

"ಬ್ಯಾಡ್ರಿ ಚಾಚಾ, ಚಾ ಕುಡೀರಿ" ಎಂದ ಮುನಾವರ.

"ಚಾ ಎಲ್ಲಿಗೆ ಓಡಿ ಹೋಗ್ತದ? ತಾ ಇಲ್ಲಿ."

ಮುನಾವರ ಕ್ಷಣದಲ್ಲಿ ಲೆಕ್ಕ ಹಾಕಿದ. ಆಡುವುದು, ಸೋಲುವುದು, ಬೀಗರನ್ನು ಖುಷಿಪಡಿಸುವುದು. ಇದಕ್ಕಿಂತ ಸುಲಭದ ದಾರಿ ಯಾವುದಿದೆ? ಅವ್ವನ ಮಾತಿನಂತೆ ಫಳಫಳ ಹೊಳೆಯುವ ಹೊಸ ರಿಮೋಟನ್ನು ಎರಡೂ ಕೈಯಿಂದ ಅವರಿಗೆ ಕೊಟ್ಟು, ಹಳೆಯದನ್ನು ತಾನು ಹಿಡಿದ.

"ಕೆಂಪು ಚಡ್ಡಿ ಮುನಾವರ! ನೀಲಿ ಚಡ್ಡಿ ಸಾಹೇಬ್ರು!" ಎಂದು ಅಮಾತೆಪ್ಪ ಬೀದಿಗೆಲ್ಲ ಕೇಳುವಂತೆ ಕೂಗಿದ. ಸವಿತಾ ಹೊಲಿಗೆ ಬಿಟ್ಟು ಬಂದಳು. ಬಸ್ಸಿಗೆ ಕಾಯುತ್ತಿದ್ದ ನಾಲ್ಕಾರು ಜನರೂ ಬಾಗಿಲಲ್ಲಿ ನೆರೆದರು.

ಗಂಟೆ ಬಾರಿಸಿತು. ಮುನಾವರ ರಿಮೋಟನ್ನು ತೊಡೆಯ ಮೇಲಿಟ್ಟು ಹಾಯಾಗಿ ಕೂತ. ಹೊಡೆಸಿಕೊಳ್ಳುವುದಕ್ಕೆ ಬಟನ್ ಯಾಕೆ ಬೇಕು?

ಉಸ್ಮಾನಸಾಬರು ಮಾತ್ರ ಹತ್ತಿ ಹಿಂಜಲು ಕೂತವರ ಹಾಗೆ ಹತ್ತೂ ಬೆರಳಲ್ಲಿ ರಿಮೋಟು ಬಡಿಯತೊಡಗಿದರು. ಕೂಡಲೇ ಟಿವಿಯಲ್ಲಿ ಕೆಂಪು ಚಡ್ಡಿಯವನು ಮೈಮೇಲೆ ದೇವರು ಬಂದವನಂತೆ ಹಾರಿ, ಸುಮ್ಮನೆ ನಿಂತಿದ್ದ ನೀಲಿ ಚಡ್ಡಿಯವನ ಮೂಗಿಗೆ ಫಟಾರನೆ ಬಿಟ್ಟ.

ಮುನಾವರ ದಡಕ್ಕನೆ ತೊಡೆಯ ಮೇಲಿನ ಹಳೇ ರಿಮೋಟನ್ನು ಎತ್ತಿ ನೋಡಿದ. ಕೆಂಪು ಚಡ್ಡಿ ಓಡುವುದು ಹೊಸ ರಿಮೋಟಿನಿಂದ! ಆ ರಿಮೋಟು ಈಗ ಬೀಗರ ಕೈಯಲ್ಲಿ! ಪಾಪ, ಸಾಹೇಬರು ಗುದ್ದುತ್ತಿದ್ದದ್ದು ತಮ್ಮನ್ನೇ ತಾವು. ಆದರೆ ಹೊಸಬರಿಗೆ ಅದೆಲ್ಲ ಎಲ್ಲಿ ತಿಳಿಯಬೇಕು? ಬಟನ್ ಒತ್ತುವುದು ಬಿಟ್ಟು ಅವರಿಗೆ ಬೇರೇನೂ ಕಾಣಿಸುತ್ತಿರಲಿಲ್ಲ.

"ಚಾಚಾ, ರಿಮೋಟ್ ಬದಲಿ ಮಾಡ್ಕೊಳ್ಳಮು" ಎಂದು ಅವನು ಕೈ ಚಾಚಿದ.

"ಕೊಟ್ಟದ್ದು ವಾಪಸ್ ಕೇಳ್ತಾರೇನೊ? ಕೈಗೆ ಭೇಷ್ ಕುಂತದ ಇದು" ಎಂದರು ಉಸ್ಮಾನಸಾಬರು, ಬಡಿಯುವುದನ್ನು ನಿಲ್ಲಿಸದೆ.

ಈಗ ಉಳಿದದ್ದು ಒಂದೇ ದಾರಿ. ಬೀಗರು ಗೆಲ್ಲಬೇಕಾದರೆ ನೀಲಿ ಗೆಲ್ಲಬೇಕು, ನೀಲಿ ತನ್ನ ಕೈಯಲ್ಲಿದೆ. ಅಂದರೆ ಸೋಲಬೇಕಾದರೆ ಮುನಾವರ ಗೆಲ್ಲಬೇಕು! ಅವನು ನೆಟ್ಟಗೆ ಕೂತು ತನ್ನ ವಿದ್ಯೆಯನ್ನೆಲ್ಲ ಹೊರಗೆ ತೆಗೆದ. ಮುಖಕ್ಕೆ ಕೈ ಅಡ್ಡ ಹಿಡಿದ, ಏಟು ಹೊಟ್ಟೆಗೆ ಬಿತ್ತು. ಹಿಂದೆ ಸರಿದ, ಮೂಲೆಗೆ ಸಿಕ್ಕಿಬಿದ್ದ. ಸಣ್ಣ ಏಟು ಒಂದು ಹಾಕುವುದರೊಳಗೆ ದೊಡ್ಡವು ನಾಲ್ಕು ಬಂದು ಬಿದ್ದವು. ಎದುರಿನವನ ದಮ್ಮು ಖಾಲಿಯಾಗಲಿ ಎಂದು ಕಾದ. ಖಾಲಿಯಾದದ್ದು ಅವನದೇ.

"ಏ ಮುನಾವರ, ಹಿರೇರು ಅದಾರೊ, ಮೆಲ್ಲಕ ಹೊಡಿ!" ಎಂದು ಸವಿತಾ ಬೈದಳು.

"ಸವಿತಕ್ಕ, ಹೊಡೆಯಾಕತ್ತಿದ್ದು ನಾ ಅಲ್ಲ!"

"ಮತ್ತ ನನ್ನ ಅತ್ತಿ ಹೊಡೆಯಾಕತ್ತಾಳೇನು? ಕೆಂಪು ಚಡ್ಡಿ ನಿಂದಲ್ಲ?"

ಬಾಗಿಲಲ್ಲಿದ್ದವರು ಛೆ ಛೆ ಎಂದರು. ಕೆಂಪು ಚಡ್ಡಿಯವನು ಕಡೆಯದೊಂದು ಏಟು ಕೊಟ್ಟ. ನೀಲಿ ಚಡ್ಡಿಯವನು ಹಿಟ್ಟಿನ ಚೀಲದ ಹಾಗೆ ಅಂಗಾತ ಬಿದ್ದವನು ಮತ್ತೆ ಏಳಲಿಲ್ಲ. ಸರಿಯಾಗಿ ಆ ಹೊತ್ತಿಗೆ ಖಾಸಿಂಬೀ ಬಿರಿಯಾನಿ ಡಬ್ಬಿ ಹಿಡಿದು ಒಳಗೆ ಬಂದಳು.

"ನೋಡವಾ ಖಾಸಿಂಬೀ, ನಿನ್ನ ಮಗ ಬೀಗರನ್ನ ಕೆಡವಿದಾ!" ಎಂದ ಅಮಾತೆಪ್ಪ, ಹೆಮ್ಮೆಯಿಂದ.

ಖಾಸಿಂಬೀ ಡಬ್ಬಿಯ ಸಮೇತ ಸ್ಟೂಲಿನ ಮೇಲೆ ಕುಸಿದಳು. ಉಸ್ಮಾನಸಾಬರು ಎದ್ದು ನಿಂತು ಜುಬ್ಬದ ಜೇಬಿಗೆ ಕೈ ಹಾಕಿದರು. ಮುಗೀತು, ಎದ್ದು ಹೊರಟೇಬಿಟ್ಟರು ಎಂದುಕೊಂಡ ಮುನಾವರ ಅವರ ಮುಂದೆ ಕೈ ಜೋಡಿಸಿಬಿಟ್ಟ.

"ಚಾಚಾ, ಗೆದ್ದವರು ನೀವು! ಛಲೋ ರಿಮೋಟ್ ನಿಮಗೆ ಇರಲಿ ಅಂತ ಕೊಟ್ಟೆ, ಕೆಂಪು ನಿಮ್ಮ ಪಾಲಿಗೆ ಬಂತು. ನಿಮ್ಮ ಮುಂದ ಸೋಲಬೇಕು ಅಂತಲೇ ನಾ ಕುಂತಿದ್ದೆ. ಅವ್ವನೂ ಹಂಗೇ ಹೇಳಿದ್ಲು!"

ಉಸ್ಮಾನಸಾಬರ ಕೈ ಜೇಬಿನಿಂದ ಹೊರಬಂದು ಅರ್ಧ ದಾರಿಯಲ್ಲೇ ನಿಂತಿತು. ಬೆರಳ ನಡುವೆ ದಪ್ಪನೆಯ ಖರ್ಜೂರ.

"ಇದನ್ನ ನಿನ್ನ ಬಾಯಾಗ ಇಟ್ಟು ಮಾತು ಪಕ್ಕಾ ಮಾಡಾಕತ್ತಿದ್ದೆ" ಎಂದರು ಅವರು ನಿಧಾನವಾಗಿ. "ನಿನಗಿಂತ ಮೊದಲ ಇಬ್ಬರನ್ನ ನೋಡೀನಿ. ಇಬ್ಬರೂ ಕೇರಂ ಆಟದಾಗ ಬೇಕಂತಲೇ ಸೋತು ಹಲ್ಲು ಕಿಸದ್ರು. ಅಂಥವರು ನಾಳೆ ನನ್ನ ಮಗಳ ಮುಂದೂ ಸುಳ್ಳೇ ಹೇಳ್ತಾರ. ನೀ ಮಾವ ಗೀವ ಅಂತ ನೋಡದ ಹೊಡದಿ ಅಂತ ಖುಷಿಯಾಗಿದ್ದೆ. ನೀನೂ ಅದೇ ಜಾತಿಯವ ಏನು?" ಎಂದು ಖರ್ಜೂರವನ್ನು ತಮ್ಮ ಬಾಯಿಗೇ ಹಾಕಿಕೊಂಡರು.

ಬಾಯಿಯವರೆಗೆ ಬಂದ ಅಂಜುಮ್ ಹೀಗೆ ಬೇರೆಯವರ ಬಾಯಿಗೆ ಹೋದದ್ದು ಕಂಡು ಮುನಾವರನಿಗೆ ಅಳುವೇ ಬಂತು. "ಇನ್ನೊಂದ್ ಆಟ ಚಾಚಾ! ಈ ಸಲ ಖರೇನೇ ಆಡ್ತೀನಿ, ನಿಮ್ಮನ್ನ ಕೆಡವಿಯೇ ತೀರ್ತೀನಿ!"

"ಹೊಡಿಯೋ, ನನ್ನ ರಾಜಾ! ಬೀಗರ ಹಲ್ಲು ಉದುರಿಸು!" ಎಂದು ಖಾಸಿಂಬೀ ಸ್ಟೂಲಿನಿಂದ ಜಿಗಿದಳು.

ಉಸ್ಮಾನಸಾಬರ ಕಣ್ಣು ಮಿಂಚಿದವು. ಬೀಜ ಉಗುಳಿ ಕೂತರು. ಹೊಸ ರಿಮೋಟು ಬಿಡಲಿಲ್ಲ. ಆದ್ದರಿಂದ ಕೆಂಪು ಸಾಹೇಬರದು, ನೀಲಿ ಮುನಾವರನದು ಎಂದು ಅಮಾತೆಪ್ಪ ಎರಡೆರಡು ಸಲ ಸಾರಿದ. ಗಂಟೆ ಬಾರಿಸಿತು. ಮುನಾವರ ತುಟಿ ಕಚ್ಚಿದ, ಬೆವರಿದ, ಜೀವಮಾನದಲ್ಲೇ ಆಡದಷ್ಟು ಚೆನ್ನಾಗಿ ಆಡಿದ. ಎದುರಿಗೆ ಹತ್ತು ಬೆರಳು ಒಂದೇ ಸಮ ಹತ್ತಿ ಹಿಂಜುತ್ತಲೇ ಇದ್ದವು. ಎರಡನೇ ಸುತ್ತು ಮುಗಿಯುವುದರೊಳಗೆ ನೀಲಿ ಚಡ್ಡಿಯವನು ಮತ್ತೆ ಅಂಗಾತ.

ಉಸ್ಮಾನಸಾಬರು ನಿಟ್ಟುಸಿರು ಬಿಟ್ಟು ಎದ್ದರು. "ಮತ್ತ ಬೇಕಂತಲೇ ಸೋತಿ."

"ಅಲ್ಲಾನ ಆಣಿ, ಚಾಚಾ! ಖರೇನೇ ಸೋತೀನಿ!"

"ಇವತ್ತೇ ಮೊದಲ ಸಲ ರಿಮೋಟ್ ಹಿಡದಾವ ಚಾಂಪಿಯನ್‌ನ ಕೆಡವಿದಾ ಅಂದ್ರ ನಂಬಾಕ ನಾ ಏನು ಕೂಸು?" ಎಂದು ಅವರು ಅಮಾತೆಪ್ಪನ ಕಡೆ ತಿರುಗಿದರು. "ನೀವು ಹೇಳ್ರಿ. ಇಂವ ಖರೇನೇ ಚಾಂಪಿಯನ್ ಹೌದಲ್ಲೊ?"

ಮುನಾವರ ಅವರ ಬೆನ್ನ ಹಿಂದಿನಿಂದ ಎರಡೂ ಕೈ ಅಲ್ಲಾಡಿಸಿದ, ತಲೆ ಅಲ್ಲಾಡಿಸಿದ, ಕಣ್ಣಲ್ಲೇ ಕಾಲಿಗೆ ಬಿದ್ದ.

"ಏನ್ ಮಾತಂತ ಆಡ್ತೀರಿ ಸಾಹೇಬ್ರ!" ಅಮಾತೆಪ್ಪ ಎದೆ ತಟ್ಟಿಕೊಂಡ. "ಇಡೀ ಸುರಪುರದಾಗ ಇವನ್ನ ಸೋಲಿಸೋ ಗಂಡಸು ಹುಟ್ಟಿಲ್ಲ!"

"ಕೇಳಿದೇನು?" ಎಂದರು ಉಸ್ಮಾನಸಾಬರು. ಆದರೂ ಅವರಿಗೆ ಸಿಟ್ಟು ಬಂದಿರಲಿಲ್ಲ. ಹೋಗುವ ಮುಂಚೆ ಮುನಾವರನ ಬೆನ್ನು ತಟ್ಟಿದರು. "ಹುಡುಗ ಛಲೋ ಇದ್ದಿ. ಖರೇ ಆಡಿ ನನ್ನ ಗೆದ್ದ ದಿನ ಅಂಜುಮ್ ನಿನ್ನಾಕಿ. ಮುಂದಿನ ಶುಕ್ರವಾರ ನಮಾಜ್ ಮುಗಿಸಿ ಬರ್ತೀನಿ." ಬಸ್ಸಿನ ಮೆಟ್ಟಿಲು ಹತ್ತಿದವರು ಏನೋ ನೆನಪಾಗಿ ತಿರುಗಿ ಕೂಗಿದರು: "ಅಮಾತೆಪ್ಪಾ, ಈ ಮಷೀನ್ ಎಲ್ಲಿ ಸಿಗ್ತದ್ರಿ? ಅಲ್ಲೀತನಾ ಮನ್ಯಾಗ ಸ್ವಲ್ಪ ಪ್ರಾಕ್ಟೀಸ್ ಮಾಡ್ಕೋತೀನಿ!"